ಗಿರಿಜಾ ಹೇಳಿದ ಒಡಪು

೨೦೦೬ರ ಬೇಸಿಗೆ ರಜೆ. ಆಗ ನಾನು ಇಂಡಿ ಪಟ್ಟಣದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ತಂಗಿ ಗಿರಿಜಾ ಕಾಮಾಲೆಯಿಂದ ತೀರಿಕೊಂಡಾಗ ಅವಳ ಮಗಳು ವಿದ್ಯಾಗೆ ಇನ್ನೂ ಮಾತು ಬರುತ್ತಿರಲಿಲ್ಲ. ಅಂದಿನಿಂದ ಅವಳನ್ನು ಬೆಳೆಸಿದವಳು ನಾನೇ. ಆ ರಜೆಯ ಹೊತ್ತಿಗೆ ಅವಳು ಹೈಸ್ಕೂಲಿಗೆ ಬಂದಿದ್ದಳು. ಒಂದು ದಿನ ಊಟಕ್ಕೆ ಕೂತಾಗ ಕೇಳಿದಳು: "ದೊಡ್ಡವ್ವಾ, ಅವ್ವನ ಫೋಟೋ ನೋಡೇನಿ. ಆಕಿ ದನಿ ಹೆಂಗಿತ್ತು?"

ಏನು ಹೇಳಲಿ? ಸಣ್ಣಗಿತ್ತು, ಇಂಪಾಗಿತ್ತು ಎಂದರೆ ದನಿ ಕೇಳಿಸಿದಂತಾಗುತ್ತದೆಯೇ?

ನಮ್ಮ ಕಡೆ ಹೊಸ ಸೊಸೆ ಮನೆ ತುಂಬುವಾಗ ಹೆಂಗಸರು ಬಾಗಿಲು ತಡೆದು ನಿಲ್ಲುತ್ತಾರೆ. ಗಂಡನ ಹೆಸರು ಸೇರಿಸಿ ಒಡಪು, ಅಂದರೆ ಪ್ರಾಸದ ಸಾಲು, ಹೇಳಿದರೇ ಒಳಗೆ ದಾರಿ. ಮುದ್ದೇಬಿಹಾಳದ ಗಂಡನ ಮನೆ ಬಾಗಿಲಲ್ಲಿ ಗಿರಿಜಾ ಒಡಪು ಹೇಳುವಾಗ ನಾನು ಅವಳ ಪಕ್ಕದಲ್ಲೇ ಇದ್ದೆ. ವಿಡಿಯೋದವನು ಎದುರಿಗೇ ಲೈಟು ಹಿಡಿದು ನಿಂತಿದ್ದ. "ಹೊಲದ ಬದುವಿನ್ಯಾಗ ಹಳದಿ ಕುಸುಬಿ ಹೂವ, ಬಸವರಾಜರ ಹೆಸರ ಹೇಳತೇನಿ, ಬಾಗಲ ಬಿಡ್ರೆವ್ವ!" ಅವಳು ಹೀಗೆ ಅಂದಿದ್ದನ್ನು, ಜನ ನಕ್ಕಿದ್ದನ್ನು ವಿದ್ಯಾಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮಲಗುವಾಗ ಅದೇ ಅವಳ ಕಥೆ. ಆ ಮದುವೆಯ ವಿಡಿಯೋ ಕ್ಯಾಸೆಟ್ ಸಿಕ್ಕರೆ ದನಿಯೂ ಸಿಕ್ಕೀತು ಅನ್ನಿಸಿತು.

ಮುದ್ದೇಬಿಹಾಳಕ್ಕೆ ಹೋದೆ. ತಂಗಿಯ ಗಂಡ ಬಸವರಾಜ ಮತ್ತೆ ಮದುವೆಯಾಗಿ ತಮ್ಮ ಸಂಸಾರದಲ್ಲಿದ್ದರು. ಅಟ್ಟ ಹತ್ತಿ ಕ್ಯಾಸೆಟ್ ತೆಗೆದುಕೊಟ್ಟರು. "ಒಮ್ಮೆ ಬಾಡಿಗಿ ವಿಸಿಆರ್ ತಂದು ನೋಡಿದ್ವಿರಿ. ಮನಿ ತುಂಬ ಮಂದಿ, ಗದ್ದಲಾನ ಗದ್ದಲ. ಎಲ್ಲಾ ಐತ್ರಿ ಅದರಾಗ," ಎಂದರು. ನಾನಂತೂ ಅದನ್ನು ನೋಡಿಯೇ ಇರಲಿಲ್ಲ. ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿದಿತ್ತು.

ಇಂಡಿಯ ಸ್ಟುಡಿಯೋದವನು, ಟಿವಿಯಲ್ಲಿ ಹಚ್ಚಿ ಎದುರಿಗೆ ಕ್ಯಾಮೆರಾ ಇಟ್ಟು ಹಿಡಿದು ಸಿಡಿ ಮಾಡಿಕೊಡುತ್ತೇನೆ ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಫ್ಯಾನಿನ ಸಪ್ಪಳ, ಹೊರಗಿನ ಆಟೋ ಹಾರನ್ನು ಎಲ್ಲಾ ಅದರಾಗ ಬರ್ತಾವಲ್ಲೋ ತಮ್ಮಾ! ನನಗ ಬೇಕಾಗಿದ್ದು ದನಿ," ಎಂದು ಬೈದು ಎದ್ದು ಬಂದೆ. ಸಿಂದಗಿಯಲ್ಲಿ ಒಬ್ಬರ ವಿಸಿಆರ್‌ಗೆ ಮೊದಲು ಪರೀಕ್ಷೆಗೆಂದು ಬೇರೆ ಕ್ಯಾಸೆಟ್ ಹಾಕಿಸಿದೆ. ಅದು ಟೇಪನ್ನು ಶಾವಿಗೆಯಂತೆ ಹೊರಗೆಳೆದು ಜಗಿದುಬಿಟ್ಟಿತು. ಸದ್ಯ, ನಮ್ಮದು ಉಳಿಯಿತಲ್ಲ ಎಂದು ಕ್ಯಾಸೆಟ್ ಎದೆಗವಚಿಕೊಂಡು ಬಸ್ಸು ಹತ್ತಿದೆ.

ಕೊನೆಗೆ ಬಸವನ ಬಾಗೇವಾಡಿಯಲ್ಲಿ, ಹಿಂದೆ ವಿಡಿಯೋ ಲೈಬ್ರರಿ ನಡೆಸುತ್ತಿದ್ದವರೊಬ್ಬರು ಸಿಕ್ಕರು. ಅವರಲ್ಲಿ ಎರಡು ವಿಸಿಆರ್ ಇದ್ದವು. ವಿಸಿಆರ್‌ನಿಂದ ನೇರವಾಗಿ ಕಂಪ್ಯೂಟರಿಗೆ ತಂತಿ ಜೋಡಿಸುವ ಏರ್ಪಾಡೂ ಇತ್ತು. ವಿದ್ಯಾಳನ್ನೂ ಕರೆದುಕೊಂಡು ಹೋದೆ. ಅವರು ಬೂಸ್ಟು ಒರೆಸಿ ಕೇಳಿದರು: "ಅಕ್ಕಾರ, ಇದರಾಗ ಚಿತ್ರ ಛಲೋ ಬರ್ತೈತಿ, ಅದರಾಗ ಸೌಂಡ್ ಚೊಕ್ಕ. ಟೇಪು ಭಾಳ ದಣದೈತಿ, ಎಷ್ಟು ಸಲ ಓಡ್ತೈತೋ ಗೊತ್ತಿಲ್ಲ. ಯಾವದರಾಗ ಹಾಕಲಿ?"

"ಚಿತ್ರ ಮಸಕಾದ್ರೂ ಚಿಂತಿಲ್ರಿ. ಸೌಂಡ್ ಇದ್ದದ್ದರಾಗ ಹಾಕ್ರಿ," ಎಂದೆ.

ಚಿತ್ರ ಮಸುಕಾಗಿಯೇ ಬಂತು. ಜೊತೆಗೆ ಸಿನಿಮಾ ಹಾಡು. ವಧೂವರರ ಹೆಸರು ತೋರಿಸುವವರೆಗೆ ಹಾಡು ಇರುತ್ತದೆ, ಆಮೇಲೆ ನಿಲ್ಲುತ್ತದೆ ಅಂದುಕೊಂಡೆ. ನಿಲ್ಲಲಿಲ್ಲ. ಅಕ್ಕಿಕಾಳು ಹಾಕುವಾಗಲೂ ಹಾಡು, ಊಟಕ್ಕೂ ಹಾಡು. ಬಾಗಿಲಲ್ಲಿ ಗಿರಿಜಾ ತಲೆ ಎತ್ತಿ ಬಾಯಿ ತೆರೆದಳು. ಆಗಲೂ ಅದೇ ಹಾಡು, ಕಿವಿ ಗಡಚಿಕ್ಕುವಂತೆ.

"ಅವಾಗ ಎಲ್ಲಾರೂ ಹಂಗ ಮಾಡಸ್ತಿದ್ರು. ಮಂದಿ ಗದ್ದಲ ತಗದು ಹಾಡು ತುಂಬೋದು," ಎಂದರು ಅವರು.

"ಹಾಡು ಹಾಕೋಕಿಂತ ಮೊದಲಿನ ಕ್ಯಾಸೆಟ್?" ಎಂದು ಕೇಳಿದೆ.

"ಅದರ ಮ್ಯಾಲ ಮತ್ತೊಂದು ಮದುವಿ ಹಿಡಿದಿರ್ತಾರ್ರಿ."

ನಾನು ಚೀಲ ತೆಗೆದುಕೊಂಡು ಎದ್ದೆ. ವಿದ್ಯಾ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ದೊಡ್ಡವ್ವಾ, ಚಿತ್ರ ಚಂದ ಬರೋದರಾಗ ಹಾಕಸು. ಹಾಡು ಬಂದ್ ಮಾಡಸು. ಅವ್ವ ಬಾಯಿ ತೆರೆದಾಗ ನೀ ಹೇಳು," ಎಂದಳು.

ಹಾಕಿಸಿದೆ. ಎಂಥ ಚಿತ್ರ! ಅವಳ ಮೂಗುತಿ ಕೂಡ ಮಿನುಗಿತು. ಅವಳ ತುಟಿ ಅಲುಗಿದ್ದೇ ತಡ, ನಾನು ಒಡಪು ಶುರುಮಾಡಿದೆ. ನನ್ನ ಎರಡು ಸಾಲು ಮುಗಿದವು. ಗಿರಿಜಾ ಇನ್ನೂ ಮಾತಾಡುತ್ತಲೇ ಇದ್ದಳು.

ಅವಸರವಾಯಿತೇನೋ ಎಂದು ಮತ್ತೆ ಹಾಕಿಸಿ ನಿಧಾನಕ್ಕೆ ಹೇಳಿದೆ. "ಬಸವರಾಜ" ಎನ್ನಲು ಎರಡು ತುಟಿ ಕೂಡಬೇಕು. ಅಲ್ಲಿ ಅವಳ ತುಟಿ ತೆರೆದೇ ಇದ್ದವು.

"ಅವ್ವ ಬ್ಯಾರೆ ಏನೋ ಅಂದಾಳ," ಎಂದಳು ವಿದ್ಯಾ, ಮೆಲ್ಲಗೆ.

ಅಲ್ಲೇ ನಿಂತು ಬಸವರಾಜರಿಗೆ ಫೋನು ಮಾಡಿದೆ. "ಭಾಳ ಛಲೋ ಅಂದಿದ್ಲರಿ. ಏನಂದ್ಲು ಅನ್ನೋದ ನೆನಪಿಲ್ಲ," ಎಂದರು. ಹಾಗಾದರೆ ನಾನು ಇಷ್ಟು ವರ್ಷ ಹೇಳಿದ್ದು ಯಾರ ಒಡಪು? ಯಾವ ಮದುವೆಯಲ್ಲಿ ಕೇಳಿದ್ದನ್ನು ತಂದು ತಂಗಿಯ ಬಾಯಿಗೆ ಹಚ್ಚಿದ್ದೆನೋ ಶಿವನೇ ಬಲ್ಲ.

ಬಾಗೇವಾಡಿಯಲ್ಲಿ ಮಾಡಿಸಿಕೊಂಡು ಬಂದ ಸಿಡಿ ಈಗಲೂ ನಮ್ಮ ಮನೆಯಲ್ಲಿದೆ. ವಿದ್ಯಾ ಒಮ್ಮೊಮ್ಮೆ ಸೌಂಡು ಪೂರ್ತಿ ಇಳಿಸಿ ನೋಡುತ್ತಾಳೆ. ಆದರೆ ಒಡಪು ಹೇಳು ಎಂದು ಅವಳು ಮತ್ತೆಂದೂ ನನ್ನನ್ನು ಕೇಳಿಲ್ಲ. ಮಸುಕು ಚಿತ್ರವನ್ನೇ ತೆಗೆದುಕೊಂಡು ಮನೆಗೆ ಬಂದಿದ್ದರೆ ಆ ಎರಡು ಸಾಲಾದರೂ ಕೂಸಿಗೆ ಉಳಿಯುತ್ತಿದ್ದವಲ್ಲ ಎಂದು ಇವತ್ತಿಗೂ ಅನ್ನಿಸುತ್ತದೆ.