ಅಡುಗೆಮನೆಯ ಕುರ್ಚಿ

ಬಾಯಿ ಮುಚ್ಚಿ ಓದುವುದು ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಬಿ.ಎ. ಪಾಸಾದವಳು, ಅದೂ ನಮ್ಮ ಕುಟುಂಬದಲ್ಲೇ ಮೊದಲು ಪಾಸಾದವಳು, ಬಸ್ಸಿನಲ್ಲಿ ಪೇಪರು ಬಿಡಿಸಿದರೆ ಪಕ್ಕದ ಸೀಟಿನವರಿಗೂ ಸುದ್ದಿ ಗೊತ್ತಾಗುತ್ತದೆ. ಕಾಲೇಜಿನ ಲೈಬ್ರರಿಯಿಂದ ಇದೇ ಕಾರಣಕ್ಕೆ ನನ್ನನ್ನು ಹೊರಗೆ ಕಳಿಸಿದ್ದೂ ಇದೆ. ನಾಚಿಕೆಯೇನಿಲ್ಲ. ನನಗೆ ಓದು ಹತ್ತಿದ್ದೇ ಹಾಗೆ.

ಬೆಳ್ತಂಗಡಿ ಕಡೆಯ ನಮ್ಮ ಮನೆಯಲ್ಲಿ ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಮಗಳು ಓದುತ್ತಿದ್ದಾಳೋ, ಪುಸ್ತಕದ ಹಿಂದೆ ತೂಕಡಿಸುತ್ತಿದ್ದಾಳೋ ಎಂದು ತಿಳಿಯಲು ಅವಳಿಗಿದ್ದ ಉಪಾಯ ಒಂದೇ: ಓದು ಕೇಳಿಸಬೇಕು. ಅವಳು ಒಲೆಯ ಮುಂದೆ, ನಾನು ಮಣೆಯ ಮೇಲೆ. ಅರ್ಥಶಾಸ್ತ್ರವಾಗಲಿ ಇತಿಹಾಸವಾಗಲಿ, ಗಂಜಿ ಕುದಿಯುವ ಸದ್ದಿಗಿಂತ ಮೇಲಿನ ದನಿಯಲ್ಲಿ ಓದಬೇಕಿತ್ತು. ದನಿ ನಿಂತರೆ “ಎಂತ, ಪುಸ್ತಕ ಮುಗಿಯಿತಾ?” ಎನ್ನುತ್ತಿದ್ದಳು. ಮೊಘಲರ ಪತನದ ಪಾಠ ಓದಿದ ದಿನ “ಅಷ್ಟು ದೊಡ್ಡ ಮನೆ, ಅಣ್ಣತಮ್ಮಂದಿರಿಂದಲೇ ಹಾಳಾಯಿತಲ್ಲ” ಎಂದು ಮರುಗಿ ಚಟ್ನಿಗೆ ಎರಡು ಸಲ ಉಪ್ಪು ಹಾಕಿದ್ದಳು.

ಹಾಗಾಗಿ ಮೂಡುಬಿದಿರೆಯ ಈಗಿನ ಮನೆಗೆ ಬಂದಾಗ ನಾನು ಅಡುಗೆಮನೆಗೆ ಮೊದಲು ತಂದಿಟ್ಟದ್ದು ಒಂದು ಕುರ್ಚಿ. ಬೇಯಿಸುವವರು ನಿಂತಿರುತ್ತಾರೆ, ಓದುವವರು ಕೂರುತ್ತಾರೆ. ಸಂಜೆ ಆಫೀಸಿನಿಂದ ಬಂದು ನಾನು ಒಲೆ ಹಚ್ಚಿದರೆ, ಬಂಟ್ವಾಳದಲ್ಲಿರುವ ತಮ್ಮ ಎಲೆಕ್ಟ್ರಿಕ್ ಅಂಗಡಿ ಮುಚ್ಚಿ ಬಂದ ಗಂಡ ಓದುತ್ತಾರೆ. ರಜೆಯ ದಿನ ಅವರು ಸೌಟು ಹಿಡಿಯುತ್ತಾರೆ, ನಾನು ಪುಸ್ತಕ ಹಿಡಿಯುತ್ತೇನೆ. ಗಂಡನದು ಪ್ರಾಮಾಣಿಕ ಓದು. ಮೊದಲ ಪುಟದ ಬೆಲೆಯನ್ನೂ ಬಿಡುವುದಿಲ್ಲ. ಪಿಯುಸಿ ಓದುವ ಮಗಳು ದೀಕ್ಷಾ ಮಧ್ಯೆ ನುಗ್ಗಿ ಪುಸ್ತಕ ಕಸಿದುಕೊಂಡರೆ ವರ್ಣನೆಗಳೆಲ್ಲ ಮಾಯ, ಪಾತ್ರಗಳು ಬರೇ ಜಗಳವಾಡುತ್ತವೆ. ಒಗ್ಗರಣೆ ಸಿಡಿದರೆ ನಮ್ಮಲ್ಲಿ ಅಲ್ಪವಿರಾಮ, ಕುಕ್ಕರ್ ಕೂಗಿದರೆ ಪೂರ್ಣವಿರಾಮ. ಕೊಲೆಗಾರ ಯಾರೆಂದು ತಿಳಿಯುವ ಅಧ್ಯಾಯದಲ್ಲಿ ಬದನೆ ಪಲ್ಯ ಸೀದುಹೋಗಿತ್ತು. ಮೂವರೂ ತುಟಿಪಿಟಕ್ಕೆನ್ನದೆ ತಿಂದೆವು, ಕೊಲೆಗಾರ ಸಿಕ್ಕಿದ್ದನಲ್ಲ.

ಹಿಂದಿನ ಕಾಲದಲ್ಲಿ ಓದುವುದೆಂದರೆ ಗಟ್ಟಿಯಾಗಿ ಓದುವುದೇ ಆಗಿತ್ತಂತೆ. ಒಬ್ಬರು ತಾಳೆಗರಿ ಹಿಡಿದು ಕಾವ್ಯ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಸುತ್ತ ಕೂತವರು ಕೇಳುತ್ತಿದ್ದರು. ತಾಳೆಗರಿಗಳನ್ನು ತಲೆಮಾರುಗಟ್ಟಲೆ ಜೋಪಾನ ಮಾಡಿದ ಊರು ನಮ್ಮದು, ಹೆಮ್ಮೆಯೇ. ಆದರೆ ಆ ಹೊತ್ತಿಗೆ ಒಳಗೆ ಪಲ್ಯ ತಿರುವುತ್ತಿದ್ದವಳು ಯಾರು, ಅವಳವರೆಗೆ ದನಿ ತಲುಪುತ್ತಿತ್ತೇ ಎಂಬುದನ್ನು ಯಾರೂ ಬರೆದಿಟ್ಟ ಹಾಗಿಲ್ಲ.

ನಮ್ಮ ಕುರ್ಚಿಗೆ ಕುತ್ತು ಬಂದದ್ದು ಕಲ್ಲಡ್ಕದಿಂದ. ಅಲ್ಲಿರುವ ಸರೋಜಕ್ಕ ನನ್ನ ಗಂಡನ ಅಕ್ಕ, ತಮ್ಮನನ್ನು ಎತ್ತಿ ಆಡಿಸಿದವರು. ಪ್ರೀತಿ ಬಂದರೆ ಮನೆ ತುಂಬಾ ಕೊಡುತ್ತಾರೆ, ಮುನಿಸು ಬಂದರೆ ವರ್ಷಗಟ್ಟಲೆ ಹೊಸ್ತಿಲು ತುಳಿಯುವುದಿಲ್ಲ. ಅವರು ಪ್ರೀತಿಯಿಂದ ನಮಗೊಂದು ಮೈಕ್ರೋವೇವ್ ಓವನ್ ಕಳಿಸಿದರು. ಅದಕ್ಕೆ ಬೇಕಾದ ದೊಡ್ಡ ಪ್ಲಗ್ಗು ಅಡುಗೆಮನೆಯಲ್ಲಿ ಇದ್ದದ್ದು ಕುರ್ಚಿಯ ಹಿಂದೆ ಮಾತ್ರ.

“ಕುರ್ಚಿ ತೆಗೆದು ಅಲ್ಲಿಡು” ಎಂದು ಫೋನಿನಲ್ಲೇ ತೀರ್ಪಾಯಿತು. “ಅಡುಗೆಮನೆಯಲ್ಲಿ ಕುರ್ಚಿ ಯಾಕೆ ಮಾರಾಯ್ತಿ, ಅದೇನು ಡಾಕ್ಟ್ರ ಕ್ಲಿನಿಕ್ಕಾ?”

ನಾನು ತೆಗೆಯಲಿಲ್ಲ. ಓವನ್ ಒಮ್ಮೆ ಅಲ್ಲಿ ಕೂತರೆ ಮತ್ತೆ ಏಳುವ ಪೈಕಿಯಲ್ಲ. ಓದುವವರು ಹಾಲ್‌ಗೆ ಹೋಗುತ್ತಾರೆ, ಅಲ್ಲಿ ಟಿ.ವಿ. ಕಾದು ಕೂತಿರುತ್ತದೆ. ಆಮೇಲೆ ಅಡುಗೆಮನೆಯಲ್ಲಿ ಉಳಿಯುವುದು ನಾನು ಮತ್ತು ಕುಕ್ಕರ್. ಅಷ್ಟಕ್ಕಾಗಿ ನಾನು ಓದಿದ್ದಲ್ಲ. ಮುಂದೊಂದು ದಿನ ಎ.ಸಿ. ಹಾಕಿಸುವ ಆಸೆಯಿಂದ ಗಂಡ ಹಾಲ್‌ನಲ್ಲಿ ಮಾಡಿಸಿಟ್ಟ ಪ್ಲಗ್ಗಿನ ಪಕ್ಕ ಓವನ್ ಹೋಯಿತು.

“ಅಕ್ಕ ಬಂದರೆ ಎಂತ ಹೇಳುವುದು?” ಎಂದರು ಗಂಡ.

“ಇದ್ದದ್ದನ್ನು ಹೇಳುವ.”

ಭಾನುವಾರ ಅಕ್ಕ ಬಂದೇ ಬಿಟ್ಟರು. ಚಪ್ಪಲಿ ಬಿಡುವ ಮೊದಲೇ ಓವನ್ ಕಣ್ಣಿಗೆ ಬಿತ್ತು.

“ಇದು ಇಲ್ಲಿ ಯಾಕುಂಟು? ಬಂದವರಿಗೆ ತೋರಿಸಲಿಕ್ಕಾ?”

“ಅಲ್ಲಿ ಓದುವವರು ಕೂರ್ತಾರೆ ಅಕ್ಕ.”

“ಬಿ.ಎ. ಆಗಿ ಇಷ್ಟು ವರ್ಷ ಆಯ್ತು. ಇನ್ನೂ ಎಂತ ಓದಲಿಕ್ಕೆ ಬಾಕಿ?”

“ತುಂಬಾ ಬಾಕಿ ಉಂಟು. ಕುರ್ಚಿ ಅಲ್ಲೇ ಇರ್ತದೆ.”

ಗಂಡನಿಗೆ ಆಗಲೇ ಬೈಕಿನ ಗಾಳಿ ನೋಡುವ ನೆನಪಾಗಿ ಅವರು ಅಂಗಳಕ್ಕೆ ಹೋದರು. ಸರೋಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದರು. ನಾನು ತೊಳೆದಿಟ್ಟ ಬಂಗುಡೆ ಮೀನಿನ ಪಾತ್ರೆಯನ್ನು ತಮ್ಮತ್ತ ಎಳೆದುಕೊಂಡರು.

“ಆಚೆ ಸರಿ. ಹುಳಿ-ಖಾರ ಹಾಕಿ ಪುಳಿಮುಂಚಿ ನಾನು ಮಾಡ್ತೇನೆ. ನೀನು ಓದುವವಳಲ್ವಾ, ಕೂತು ಓದು.”

ಚುಚ್ಚಿದ್ದೇನೋ ಹೌದು, ಆದರೆ ನಾನು ಕೂತೆ. ಒಲೆಯ ಮುಂದೆ ನಿಂತವರು ಹೇಳಿದ್ದನ್ನೇ ಓದುವುದು ನಮ್ಮ ಮನೆಯ ಕ್ರಮ, ಏನು ಓದಲಿ ಎಂದು ಕೇಳಿದೆ.

“ಹಾಗಾದ್ರೆ ನನ್ನ ಓವನಿನ ಪುಸ್ತಕ ಓದು. ಅದೆಷ್ಟು ಒಳ್ಳೇದು ಅಂತ ನಿನಗೂ ಗೊತ್ತಾಗಲಿ.”

ದೀಕ್ಷಾ ನಗು ತಡೆದುಕೊಂಡು ಪೆಟ್ಟಿಗೆಯಿಂದ ಪುಸ್ತಕ ತಂದಳು. ಇಂಗ್ಲಿಷಿನಲ್ಲಿದ್ದುದನ್ನು ನಮ್ಮ ತುಳುವಿಗೆ ತಿರುಗಿಸುತ್ತಾ, ಗಂಡನ ಪದ್ಧತಿಯಂತೆ ಮೊದಲ ಅಕ್ಷರದಿಂದಲೇ ಓದಿದೆ. ಸ್ಟೀಲ್ ಪಾತ್ರೆ ಇಡಬಾರದು. ಮುಚ್ಚಳ ಬಿಗಿದ ಡಬ್ಬಿ ಇಡಬಾರದು. ಚಿಪ್ಪು ಸಮೇತ ಮೊಟ್ಟೆ ಇಟ್ಟರೆ ಸಿಡಿಯಬಹುದು. ಎಣ್ಣೆಯಲ್ಲಿ ಕರಿಯಬಾರದು. ಒಳಗೆ ಏನೂ ಇಲ್ಲದಾಗ ಚಾಲೂ ಮಾಡಬಾರದು.

ಸರೋಜಕ್ಕನ ಸೌಟು ನಿಧಾನವಾಯಿತು. “ಸ್ಟೀಲು ಆಗುವುದಿಲ್ವಾ?”

“ಆಗುವುದಿಲ್ಲ.”

“ಕರಿಯಲಿಕ್ಕೂ ಆಗುವುದಿಲ್ವಾ?”

“ಇಲ್ಲ. ಅಕ್ಕ, ನಿಮ್ಮಲ್ಲೂ ಒಂದು ಉಂಟಲ್ಲ, ಅದರಲ್ಲಿ ಎಂತ ಮಾಡ್ತೀರಿ?”

ಅವರು ಮಸಾಲೆಯ ಕಡೆ ನೋಡಿಕೊಂಡೇ ಹೇಳಿದರು: “ಕರಿದ ಹಪ್ಪಳ ತುಂಬಿಸಿ ಇಡ್ತೇನೆ. ಮೆತ್ತಗಾಗುವುದಿಲ್ಲ.”

ದೀಕ್ಷಾ ನಗುತ್ತಾ ಹೊರಗೆ ಓಡಿದಳು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ಇಬ್ಬರಿಗೂ ಕಷ್ಟವಿತ್ತು. ಕೊನೆಯ ಪುಟವೂ ಮುಗಿದು ನಾನು ಸುಮ್ಮನಾದಾಗ ಸರೋಜಕ್ಕ ಸೌಟಿನಿಂದ ಪಾತ್ರೆಯ ಅಂಚಿಗೆ ಒಮ್ಮೆ ಬಡಿದರು.

“ಇಷ್ಟೇಯಾ? ಮಸಾಲೆ ಕುದಿಯಲಿಕ್ಕೆ ಇನ್ನೂ ಹೊತ್ತುಂಟು. ಬೇರೆ ಎಂತಾದ್ರೂ ಓದು. ಕಥೆ ಇದ್ದರೆ ಆದೀತು.”

ಕಥೆ ಇತ್ತು, ಓದಿದೆ. ಮೀನು ಬೆಂದ ಮೇಲೂ ಅವರು ಒಲೆಯ ಬಳಿಯಿಂದ ಕದಲಲಿಲ್ಲ. ಓವನಿನ ಮಾತನ್ನಾಗಲಿ ಕುರ್ಚಿಯ ಮಾತನ್ನಾಗಲಿ ಅವರು ಮತ್ತೆ ಎತ್ತಲಿಲ್ಲ. ಒಪ್ಪಿದರೋ ಇಲ್ಲವೋ, ನಾನೂ ಕೇಳಲಿಲ್ಲ. ಒಪ್ಪಿಗೆ ಕೇಳಿಕೊಂಡು ಓದಿದವಳು ನಾನಲ್ಲ.