ಅಮ್ಮ ಸಂಜೆಗೆ ಬರ್ತಾಳೆ

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ, ಬಾಡಿಗೆಯ ಎರಡು ಕೋಣೆಗಳಲ್ಲಿ, ನಾನು ಶಿಶುಪಾಲನೆಯ ತರಬೇತಿ ಕೊಡುತ್ತೇನೆ. ಅಂಗನವಾಡಿ ಮೇಲ್ವಿಚಾರಕಿಯಾಗಿ ನಿವೃತ್ತಳಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಒಪ್ಪಿಕೊಂಡ ಕೆಲಸ. ಮಕ್ಕಳಿಗೆ ಉಣ್ಣಿಸುವುದು, ಮಲಗಿಸುವುದು, ಆಡಿಸುವುದು, ಜ್ವರ ಬಂದರೆ ಏನು ಮಾಡಬೇಕೆನ್ನುವುದು, ಇವೇ ಪಾಠ. ಕಲಿತವರಿಗೆ ಇಲ್ಲಿ ಅಥವಾ ಹರಿಹರದಲ್ಲಿ ಕೆಲಸ ಸಿಗುತ್ತದೆ.

ಕೆಲವು ವರ್ಷಗಳ ಹಿಂದೆ, ಚಳಿಗಾಲ ಮುಗಿಯುತ್ತಿದ್ದಾಗ, ಒಬ್ಬ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ನೋಡಿದ ಕೂಡಲೇ ಗುರುತು ಹತ್ತಿತು. ಪ್ರತಿ ವರ್ಷ ಊರಿಗೆ ಬಂದು ಸ್ವೆಟರ್ ಮಾರುವ ಟಿಬೆಟಿನವರ ಸಾಲಿನಲ್ಲಿ ತಾಯಿಯ ಪಕ್ಕ ಕೂರುತ್ತಿದ್ದವಳು.

"ಮೇಡಂ, ಮಕ್ಳನ್ನ ನೋಡ್ಕೊಳ್ಳೋದು ಕಲಿಸ್ತೀರಂತಲ್ಲ. ನಂಗೂ ಕಲಿಸ್ರಿ" ಎಂದಳು. ವ್ಯಾಪಾರದಲ್ಲಿ ಕಲಿತ ಕನ್ನಡ. ಚೌಕಾಸಿಗೆ ಸಾಕಾಗುವಷ್ಟಿತ್ತು.

ಒಳಗೆ ಕೂರಿಸಿ ವಿಚಾರಿಸಿದೆ. ಅಜ್ಜ ಅಜ್ಜಿ ಟಿಬೆಟ್ ಬಿಟ್ಟು ಓಡಿಬಂದವರು. ಇವಳು ಹುಟ್ಟಿದ್ದು ಮುಂಡಗೋಡಿನ ಶಿಬಿರದಲ್ಲಿ. ಆದರೂ ಸರ್ಕಾರದ ಲೆಕ್ಕದಲ್ಲಿ ಇನ್ನೂ ನಿರಾಶ್ರಿತೆಯೇ. ತಾಯಿಗೆ ಮಂಡಿನೋವು ಹೆಚ್ಚಾಗಿ ಮುಂದಿನ ವರ್ಷ ವ್ಯಾಪಾರಕ್ಕೆ ಬರುವ ಹಾಗಿರಲಿಲ್ಲ.

"ಇದೇ ಕೆಲಸ ಯಾಕೆ?" ಎಂದು ಕೇಳಿದೆ.

"ನಮ್ ಕ್ಯಾಂಪಲ್ಲಿ ಚಳಿಗಾಲ ಅಂದ್ರೆ ಅಮ್ಮ ಇಲ್ದಿರೋ ಕಾಲ ಮೇಡಂ. ದೊಡ್ಡೋರೆಲ್ಲ ಸ್ವೆಟರ್ ಮಾರಾಕೆ ಹೋಗ್ತಾರೆ. ನಮ್ಮನ್ನ ಒಬ್ರು ಆಂಟಿ ನೋಡ್ಕೊಂತಿದ್ರು. ನಂಗೆ ಅವ್ರ ಥರ ಆಗ್ಬೇಕು."

ಸೇರಿಸಿಕೊಂಡೆ. ಮೊದಮೊದಲು ಉಳಿದ ಹುಡುಗಿಯರು ಅವಳ ಜೊತೆ ಹೆಚ್ಚು ಬೆರೆಯಲಿಲ್ಲ. ಒಂದು ದಿನ ಅವಳು "ಮಗು ಹಟ ಮಾಡ್ತೈತೆ" ಎನ್ನಲು ಹೋಗಿ "ಮಗು ಹೊಟ್ಟೆ ಮಾಡ್ತೈತೆ" ಎಂದುಬಿಟ್ಟಳು. ತರಗತಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಅವತ್ತು ಮಧ್ಯಾಹ್ನ ಇಬ್ಬರು ಹುಡುಗಿಯರು ತಮ್ಮ ರೊಟ್ಟಿ ಬುತ್ತಿಯನ್ನು ಅವಳ ಮುಂದೆ ಬಿಚ್ಚಿದರು.

ನನ್ನ ಪಾಠದಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಅಳುವ ಮಗುವಿಗೆ "ಅಮ್ಮ ಈಗ್ಲೇ ಬರ್ತಾಳೆ" ಎಂದು ಸುಳ್ಳು ಹೇಳಬಾರದು. ಎಲ್ಲರೂ ತಲೆಯಾಡಿಸುತ್ತಾರೆ, ಮಗು ಅತ್ತ ಕೂಡಲೇ ಅದನ್ನೇ ಹೇಳುತ್ತಾರೆ. ಅವಳು ಮಾತ್ರ ಒಂದು ಸಲವೂ ಹೇಳಲಿಲ್ಲ. ಬಾಗಿಲು ನೋಡುತ್ತ ಕೂತ ಮಗುವಾಗಿದ್ದವಳು ಅವಳು.

ತರಬೇತಿ ಮುಗಿದ ಮೇಲೆ ಹರಿಹರದ ಒಂದು ಶಿಶುಪಾಲನಾ ಕೇಂದ್ರದಲ್ಲಿ ಅವಳನ್ನು ಪರೀಕ್ಷಾರ್ಥವಾಗಿ ತೆಗೆದುಕೊಂಡರು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುವ ತಾಯಂದಿರು ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಾರೆ. ಅಲ್ಲಿಗೆ ಒಬ್ಬ ಅಜ್ಜಿ ಎರಡು ವರ್ಷದ ಮೊಮ್ಮಗಳನ್ನು ಕರೆತರುತ್ತಿದ್ದರು. ಕಣ್ಣಿಗೆ ಪೊರೆ ಬಂದು, ಓಡಾಡುವ ಕೂಸನ್ನು ಮನೆಯಲ್ಲಿ ಹಿಡಿಯಲು ಅವರಿಗೆ ಆಗುತ್ತಿರಲಿಲ್ಲ. ಆದರೂ ಹೊಸಬಳನ್ನು ನೋಡಿ ಅಜ್ಜಿ ಸೆರಗು ಬಿಗಿದು ನಿಂತರು.

"ಈಕಿ ಕೈಯಾಗೆ ಕೂಸು ಕೊಡಂಗಿಲ್ಲ ನಾನು. ಇವತ್ತು ಇರ್ತಾಳೆ, ನಾಳೆ ತಮ್ಮೂರಿಗೆ ಹೋಗ್ತಾಳೆ. ಆಮೇಲೆ ಕೂಸು ಇವಳಿಗೆ ಹಲುಬಿದ್ರೆ ಯಾರು ಸಮಾಧಾನ ಮಾಡಬೇಕು?"

"ಹೋಗಾಕೆ ನಮ್ಮೂರು ಎಲ್ಲೈತೆ ಅಜ್ಜಿ? ನಾನೂ ನೋಡಿಲ್ಲ" ಎಂದಳು ಅವಳು.

ಅಜ್ಜಿ ಕೂಸನ್ನು ಒಳಗೆ ಬಿಟ್ಟರು. ಆದರೆ ಮನೆಗೂ ಹೋಗಲಿಲ್ಲ. ಅಂದಿನಿಂದ ದಿನವೂ ಎಲೆಯಡಿಕೆ ಚೀಲ ಇಟ್ಟುಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತು ಕಾವಲು ಕಾದರು. ಒಳಗೆ ಅವಳು ಮಗುವಿಗೆ ಹೇಳುತ್ತಿದ್ದಳು: "ಈಗ ಊಟ. ಆಮೇಲೆ ನಿದ್ದೆ. ಎದ್ದು ಹಾಲು ಕುಡಿಯೋದು. ಆಮೇಲೆ ಅಮ್ಮ ಬರ್ತಾಳೆ." ಮಗು ಅತ್ತು ಅತ್ತು, ಕೊನೆಗೆ ಆ ಮಾತನ್ನು ತೊದಲುತ್ತ ತಾನೇ ಹೇಳಿಕೊಳ್ಳಲು ಕಲಿಯಿತು.

ಕೆಲಸ ನೋಡಲು ನಾನು ಆಗಾಗ ಬಸ್ಸಿನಲ್ಲಿ ಹರಿಹರಕ್ಕೆ ಹೋಗುತ್ತಿದ್ದೆ. ಹಾಗೆ ಹೋದ ಒಂದು ದಿನ ಅಜ್ಜಿ ಇರಲಿಲ್ಲ, ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಮಾಯಕೊಂಡಕ್ಕೆ ಹೋಗಿದ್ದರು. ಊಟವಾಯಿತು, ನಿದ್ದೆಯಾಯಿತು, ಹಾಲೂ ಆಯಿತು. ಬೇರೆ ಮಕ್ಕಳ ತಾಯಂದಿರೆಲ್ಲ ಬಂದು ಹೋದರು. ಈ ಮಗುವಿನ ಅಮ್ಮ ಬರಲಿಲ್ಲ. ಫೋನ್ ಮಾಡಿದರೆ ಎತ್ತುವವರಿಲ್ಲ.

"ಹಾಲು ಆತು. ಅಮ್ಮ?" ಎಂದು ಮಗು ಅವಳ ಮುಖ ನೋಡಿತು.

ಈಗಲಾದರೂ ಏನಾದರೊಂದು ಸುಳ್ಳು ಹೇಳಿಯಾಳು ಎಂದುಕೊಂಡೆ. ಅವಳ ಕಣ್ಣು ತುಂಬಿತ್ತು. ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತು, "ಅಮ್ಮಂಗೆ ಇನ್ನೂ ಕೆಲಸ ಐತೆ ಅನ್ಸುತ್ತೆ. ಎಷ್ಟೊತ್ತು ಅಂತ ನಂಗೂ ಗೊತ್ತಿಲ್ಲ ಪುಟ್ಟಿ. ಬಾ, ಹೋಗಿ ನೋಡೋಣ" ಎಂದಳು.

ಕೇಂದ್ರದಲ್ಲಿ ಹೇಳಿ ಮೂವರೂ ಹೊರಟೆವು. ಕಾರ್ಖಾನೆಯ ಗೇಟಿನೆದುರು ಮಂಡಕ್ಕಿ ಗಾಡಿಯ ಪಕ್ಕ ನಿಂತೆವು. ಮಗು ಅವಳ ಹೆಗಲ ಮೇಲೆ ಕೂತು ಒಂದೊಂದೇ ಮಂಡಕ್ಕಿ ತಿನ್ನುತ್ತ ಗೇಟನ್ನೇ ನೋಡುತ್ತಿತ್ತು. ಹೊತ್ತು ಮುಳುಗುವ ವೇಳೆಗೆ ಗೇಟು ತೆರೆಯಿತು. ಮಗುವಿನ ತಾಯಿ ಇದ್ದ ವಿಭಾಗದವರನ್ನು ಮಾತ್ರ ತುರ್ತು ಕೆಲಸವೆಂದು ಒಳಗೇ ಉಳಿಸಿಕೊಂಡಿದ್ದರಂತೆ, ಫೋನು ಹೊರಗಿನ ಲಾಕರಿನಲ್ಲಿತ್ತಂತೆ. ಗಾಬರಿಯಿಂದ ಓಡಿಬಂದ ತಾಯಿ ಮಗುವನ್ನು ಅಲ್ಲೇ ಕಂಡು ರಸ್ತೆಯಲ್ಲೇ ಅತ್ತಳು. ಮಗು ಅಳಲಿಲ್ಲ. ಅಮ್ಮನ ಬಾಯಿಗೆ ಮಂಡಕ್ಕಿ ಹಿಡಿಯಿತು.

ಊರಿಂದ ಬಂದ ಅಜ್ಜಿಗೆ ಸೊಸೆ ಎಲ್ಲ ಹೇಳಿರಬೇಕು. ಮರುದಿನ ಅವರು ಮೆಟ್ಟಿಲ ಮೇಲೆ ಕೂರಲಿಲ್ಲ. "ಹಿಡಿಯವ್ವ ಕೂಸು" ಎಂದು ಅವಳ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಮೆಲ್ಲಗೆ ಮನೆಯ ಕಡೆ ನಡೆದರಂತೆ. ಅವತ್ತೇ ಅವಳು ಫೋನ್ ಮಾಡಿ ಇದನ್ನು ಹೇಳಿದಳು.

ಕೆಲಸ ಕಾಯಂ ಆಯಿತು. ಈಗ ಹಸುಗೂಸುಗಳ ಕೋಣೆ ಪೂರ್ತಿ ಅವಳದೇ. ತಾಯಿಯನ್ನೂ ಹರಿಹರಕ್ಕೆ ಕರೆಸಿಕೊಂಡಿದ್ದಾಳೆ. ಈ ವರ್ಷ ಅವಳ ಶಿಬಿರದಿಂದಲೇ ಇಬ್ಬರು ಹುಡುಗಿಯರು ನನ್ನ ತರಗತಿಗೆ ಬಂದಿದ್ದಾರೆ. ಮೊನ್ನೆ ಅವರಿಗೆ ಸ್ನಾನದ ಪಾಠ. ಪ್ಲಾಸ್ಟಿಕ್ ಗೊಂಬೆಯನ್ನು ಕಾಲ ಮೇಲೆ ಮಲಗಿಸಿಕೊಂಡು ಒಬ್ಬಳು ನೀರು ಹೊಯ್ಯುತ್ತಿದ್ದಳು. ಇನ್ನೊಬ್ಬಳು ಗೊಂಬೆಯ ಕಣ್ಣಿಗೆ ಸೋಪು ಹೋಗದಂತೆ ಅಂಗೈ ಅಡ್ಡ ಹಿಡಿದಿದ್ದಳು.