ಸೆಲ್ವಣ್ಣನ ಕನ್ನಡ

ರೈಲಿನಲ್ಲಿ ಪಕ್ಕದಲ್ಲಿ ಕೂತವರು "ಏನ್ ಕೆಲ್ಸ ನಿಮ್ದು?" ಎಂದು ಕೇಳಿದರೆ ನನಗೆ ತಕ್ಷಣ ಬಾಯಾರಿಕೆಯಾಗುತ್ತದೆ. ಬಾಟಲಿ ತೆರೆದು, ನಿಧಾನವಾಗಿ ಕುಡಿದು, ಮುಚ್ಚಳ ತಿರುಗಿಸುವಷ್ಟರಲ್ಲಿ ಬಂಗಾರಪೇಟೆ ಬಂದರೆ ನನ್ನ ಪುಣ್ಯ. ಬರದಿದ್ದರೆ "ಕಂಪ್ಯೂಟರ್ ಲೈನು" ಎಂದು ಗೊಣಗಿ ಕಿಟಕಿಯಾಚೆ ನೋಡುತ್ತೇನೆ. ಓದುಗರಾದ ನೀವು ಮುಂದಿನ ನಿಲ್ದಾಣದಲ್ಲಿ ಇಳಿಯುವವರಲ್ಲ. ನಿಮಗಾದರೂ ಸರಿಯಾಗಿ ಹೇಳಬೇಕು.

ಒಂದು ಪ್ರೋಗ್ರಾಮಿನ ಮಾಹಿತಿ ಇನ್ನೊಂದಕ್ಕೆ ತಲುಪಬೇಕಾದರೆ ಅದನ್ನು ಯಾವುದಾದರೊಂದು ಒಪ್ಪಿತ ರೂಪದಲ್ಲಿ ಬರೆದು ಕಳಿಸಬೇಕು. ಆ ಕಡೆಯ ಪ್ರೋಗ್ರಾಮು ಅದನ್ನು ಓದಿ ಮೊದಲಿನಂತೆಯೇ ಕಟ್ಟಿಕೊಳ್ಳಬೇಕು. ಜೇಸನ್, ಎಕ್ಸ್‌ಎಂಎಲ್ ಎಂದು ಇಂಥ ರೂಪಗಳು ಹತ್ತಾರು. ಒಂದೊಂದಕ್ಕೂ ಪ್ರತ್ಯೇಕವಾಗಿ ಹೆಣಗುವ ಬದಲು, ಮಾಹಿತಿಯ ಆಕಾರವನ್ನು ಒಮ್ಮೆ ವಿವರಿಸಿದರೆ ಸಾಕು, ಎಲ್ಲ ರೂಪಗಳ ಬರಹವೂ ಓದೂ ಅದರಿಂದಲೇ ಹುಟ್ಟುವಂಥ ಲೈಬ್ರರಿಯೊಂದನ್ನು ಸೆಲ್ವಣ್ಣನೂ ನಾನೂ ವರ್ಷಗಟ್ಟಲೆ ಕೂತು ಕಟ್ಟಿದೆವು. ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಂಡು ಪುಕ್ಕಟೆ ಬಳಸಲೆಂದು. ಅದು ಫಂಕ್ಷನಲ್ ಪ್ರೋಗ್ರಾಮಿಂಗ್ ಪಂಥದ್ದು. ಒಮ್ಮೆ ಹುಟ್ಟಿದ ಮಾಹಿತಿಯನ್ನು ಮತ್ತೆ ತಿದ್ದಬಾರದೆನ್ನುವ ಮಡಿವಂತರ ಪಂಥ.

ಸೆಲ್ವಣ್ಣ ಚಿನ್ನದ ಗಣಿಯೂರು ರಾಬರ್ಟ್‌ಸನ್‌ಪೇಟೆಯ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ನನಗೆ ಪಾಠ ಹೇಳಿ, ಆಮೇಲೆ ಗೆಳೆಯನಾದವನು. ಮನೆ ಊರಿಗಾಂನ ಗಣಿ ಕಾರ್ಮಿಕರ ಲೈನುಮನೆಗಳಲ್ಲಿ, ಮನೆಮಾತು ತಮಿಳು. ನನ್ನೊಡನೆ ಮಾತ್ರ ಕನ್ನಡ. ಅದೂ ನಮ್ಮ ಹಳ್ಳಿಯ ಕನ್ನಡ, ನನ್ನಿಂದಲೇ ಅಂಟಿಸಿಕೊಂಡದ್ದು. ನಾನು ಆತುರಪಟ್ಟಾಗಲೆಲ್ಲ "ಎಲ್ಲಿಗ್ಲಾ ಓಡ್ತೀಯ ಸೀನಾ? ಮೊದ್ಲು ಆಕಾರ ನೋಡ್ಲಾ" ಎಂದು ಗದರುತ್ತಿದ್ದ.

ಹೋದ ಬೇಸಿಗೆಯ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬಚ್ಚಲಲ್ಲೇ ಕುಸಿದ. ಪಾರ್ಶ್ವವಾಯು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಕ್ರಮೇಣ ತಮಿಳು ಚೂರುಚೂರಾಗಿ ಮರಳಿತು, ಕನ್ನಡ ಮರಳಲಿಲ್ಲ. ಹೀಗೂ ಆಗುವುದುಂಟು ಎಂದರಂತೆ ಡಾಕ್ಟರು. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ತಮಿಳು ನನಗೂ ಗೊತ್ತು. ಆದರೆ ಗೆಳೆತನ ಚೌಕಾಸಿಯಲ್ಲವಲ್ಲ! ಅವನ ಹೆಂಡತಿ ರಾಣಕ್ಕ ನಡುವೆ ಕೂತು ಅತ್ತಿಂದಿತ್ತ ಮಾತು ದಾಟಿಸತೊಡಗಿದಳು.

ನನ್ನ ಸುಶಿಕ್ಷಿತ ಮೌಢ್ಯಕ್ಕೆ ಒಂದಾಸೆ ಉಳಿದಿತ್ತು. ಪ್ರೋಗ್ರಾಮು ಕನ್ನಡವೂ ಅಲ್ಲ, ತಮಿಳೂ ಅಲ್ಲ. ಅದನ್ನು ಕಂಡರೆ ಹಳೆಯ ಸೆಲ್ವಣ್ಣ ಎದ್ದು ಕೂತಾನು! ಒಂದು ಭಾನುವಾರ ಲ್ಯಾಪ್‌ಟಾಪ್ ಒಯ್ದು, ಲೈಬ್ರರಿಯಲ್ಲಿ ಅವನೇ ಬರೆದು ಹೆಮ್ಮೆಪಟ್ಟಿದ್ದ ಭಾಗವನ್ನು ಮುಂದಿಟ್ಟೆ. ಎಡಗೈ ಬೆರಳಿನಿಂದ ಸಾಲುಗಳನ್ನು ಸರಿಸುತ್ತ ಬಹಳ ಹೊತ್ತು ನೋಡಿದ. ತುಟಿ ಅಲುಗಿತು. ರಾಣಕ್ಕ ಬಾಗಿ ಕಿವಿಗೊಟ್ಟಳು. ಅವಳ ಮುಖ ಬಾಡಿತು.

"ಏನಂತಾನಕ್ಕಾ?"

"ಇದು ಯಾರ್ ಬರ್ದಿದ್ದು ಅಂತ ಕೇಳ್ತಾವ್ರೆ ಸೀನಾ."

"ನೀನೇ ಕಣಣ್ಣಾ!" ಎಂದೆ, ಅವನಿಗೆ ಕನ್ನಡ ತಿಳಿಯದೆಂಬುದನ್ನೂ ಮರೆತು. ರಾಣಕ್ಕ ತಮಿಳಿನಲ್ಲಿ ಹೇಳಿದಳು. ಅವನು ತಮಾಷೆಯೆಂದುಕೊಂಡು ನಕ್ಕುಬಿಟ್ಟ. ಮತ್ತೊಮ್ಮೆ ನೋಡಿ, "ನಲ್ಲಾ ಇರುಕ್ಕು" ಎಂದ. ಚೆನ್ನಾಗಿದೆಯಂತೆ. ಇದಕ್ಕೆ ನನಗೆ ದುಭಾಷಿ ಬೇಕಾಗಲಿಲ್ಲ. ಆಮೇಲೆ ಪೆಟ್ಟಾಗಬಾರದೆಂಬಂತೆ ಮೆಲ್ಲಗೆ ಮುಚ್ಚಿ, ಎರವಲು ತಂದ ವಸ್ತುವನ್ನು ಒಡೆಯನಿಗೆ ಮರಳಿಸುವವನ ಹಾಗೆ ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದ.

ಕಾಫಿ ಇಡ್ತೀನಿ ಎಂದು ಒಳಗೆ ಹೋದ ರಾಣಕ್ಕ ಬಹಳ ಹೊತ್ತು ಈಚೆಗೆ ಬರಲಿಲ್ಲ. ನಾವಿಬ್ಬರೂ ಬಾಗಿಲಾಚೆ, ಗಣಿಯ ತ್ಯಾಜ್ಯ ಸುರಿದು ಬೆಳೆದ ಸೈನೈಡ್ ಗುಡ್ಡದಿಂದೇಳುವ ಧೂಳನ್ನು ನೋಡುತ್ತ ಕೂತೆವು.

ಲೈಬ್ರರಿಯನ್ನು ಒಬ್ಬನೇ ನಡೆಸಲಾರೆನೆಂದು ಬಳಕೆದಾರರಿಗೆ ತಿಳಿಸಿದೆ. ದೂರದ ಯಾರೋ ಪುಣ್ಯಾತ್ಮರು ವಹಿಸಿಕೊಂಡರು. ಭಾನುವಾರಗಳನ್ನು ಮಾತ್ರ ಬಿಟ್ಟಿಲ್ಲ. ಈಗ ಬರಿಗೈಯಲ್ಲಿ ಹೋಗುತ್ತೇನೆ. ನಾನು ಹೊಸಿಲು ದಾಟಿದೊಡನೆ ಸೆಲ್ವಣ್ಣ ಬೆಂಚಿನಲ್ಲಿ ಸರಿದು ಜಾಗ ಮಾಡಿ, "ವಾ ತಂಬಿ" ಎನ್ನುತ್ತಾನೆ. ಬಾ ತಮ್ಮಾ ಎಂದರ್ಥ. ಗುರುತು ಹಿಡಿದು ಹಾಗೆನ್ನುತ್ತಾನೋ, ಹಾಲಿನವನು ಬಂದರೂ ಹಾಗೇ ಎನ್ನುತ್ತಾನೋ, ರಾಣಕ್ಕನನ್ನು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.